ಮತ್ತಲದ ಖಾಲಿ ನಿಲ್ದಾಣ: ಶ್ರೀಲಂಕಾದ ಸರ್ಕಾರಿ ವೆಚ್ಚ ಮತ್ತು ಬೆಳವಣಿಗೆಯ ಒಂದು ಪ್ರಕರಣ ಅಧ್ಯಯನ

ಶ್ರೀಲಂಕಾದ ದಕ್ಷಿಣ ಭಾಗದ ಹಂಬನ್‌ತೋಟ ಜಿಲ್ಲೆಯಲ್ಲಿ, ಕಾಡಂಚಿನ ಮತ್ತಲ ಎಂಬ ಊರಿನಲ್ಲಿ, 2013ರ ಮಾರ್ಚ್ ತಿಂಗಳಲ್ಲಿ ಒಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 20.9 ಕೋಟಿ ಡಾಲರ್. ಅದರಲ್ಲಿ 19 ಕೋಟಿ ಡಾಲರ್ ಚೀನಾ ಸರ್ಕಾರದ ಎಕ್ಸಿಮ್ (ರಫ್ತು–ಆಮದು) ಬ್ಯಾಂಕಿನಿಂದ ತಂದ ಸಾಲ. ವರ್ಷಕ್ಕೆ ಹತ್ತು ಲಕ್ಷ ಪ್ರಯಾಣಿಕರು ಬಂದುಹೋಗಬಹುದೆಂಬ ಲೆಕ್ಕದಲ್ಲಿ ಕಟ್ಟಿದ ಆ ನಿಲ್ದಾಣದತ್ತ ವಿಮಾನ ಸಂಸ್ಥೆಗಳು ಮುಖ ಮಾಡಲಿಲ್ಲ. 2015ರ ಜನವರಿಯಲ್ಲಿ ಸರ್ಕಾರದ್ದೇ ಆದ ಶ್ರೀಲಂಕನ್ ಏರ್‌ಲೈನ್ಸ್ ಕೂಡ ಅಲ್ಲಿಂದ ಕಾಲ್ತೆಗೆಯಿತು. ಸರಕು ಸಾಗಣೆಗೆಂದು ಕಟ್ಟಿದ್ದ ಕಟ್ಟಡದಲ್ಲಿ ಅದೇ ವರ್ಷ ಭತ್ತದ ಮೂಟೆಗಳನ್ನು ಪೇರಿಸಿಡಲಾಯಿತು. 2016ರಲ್ಲಿ ರನ್‌ವೇಗೆ ನುಗ್ಗುತ್ತಿದ್ದ ಜಿಂಕೆ, ಆನೆ, ಕಾಡೆಮ್ಮೆಗಳನ್ನು ಹಿಂದಕ್ಕೆ ಅಟ್ಟಲು ಸೈನಿಕರನ್ನೂ ಪೊಲೀಸರನ್ನೂ ಕಳುಹಿಸಬೇಕಾಯಿತು.

ಈ ನಿಲ್ದಾಣವನ್ನು ಕಟ್ಟುತ್ತಿದ್ದ ವರ್ಷಗಳಲ್ಲಿ ಅದಕ್ಕೆ ಸುರಿದ ಹಣ ದೇಶದ ಜಿಡಿಪಿಯ (ವರ್ಷದ ಒಟ್ಟು ಉತ್ಪಾದನೆಯ ಮೌಲ್ಯದ) ಲೆಕ್ಕಕ್ಕೆ ಸೇರಿತ್ತು, ಹಾಗೂ ಆ ವರ್ಷಗಳ ಬೆಳವಣಿಗೆಯ ಅಂಕಿಯಲ್ಲಿ ಅದರ ಪಾಲೂ ಇತ್ತು ಎಂಬುದು ಈ ಅಧ್ಯಯನದ ಆರಂಭಬಿಂದು. ಸರ್ಕಾರ ಖರ್ಚು ಮಾಡಿದಾಗ ಬೆಳವಣಿಗೆ ಎರಡು ಬಾರಿ ಬರಬೇಕು. ಮೊದಲನೆಯದು ಕಟ್ಟುವ ಕಾಲದಲ್ಲಿ ಬರುತ್ತದೆ: ಸಿಮೆಂಟು, ಕಬ್ಬಿಣ, ಕೂಲಿ, ಗುತ್ತಿಗೆ, ಲಾರಿ ಬಾಡಿಗೆ. ಇದು ಯಾವ ಕಾಮಗಾರಿಯಾದರೂ ಸ್ವಲ್ಪಮಟ್ಟಿಗೆ ಬಂದೇ ಬರುತ್ತದೆ. ಎರಡನೆಯದು ಕಟ್ಟಿದ್ದನ್ನು ಜನ ಬಳಸತೊಡಗಿದ ಮೇಲೆ, ವರ್ಷದಿಂದ ವರ್ಷಕ್ಕೆ, ನಿಧಾನವಾಗಿ ಬರುವಂಥದ್ದು. ಸಾಲ ತೀರುವುದು ಇದರಿಂದಲೇ. ಮೊದಲನೆಯದನ್ನೇ ಎರಡನೆಯದೆಂದು ನಂಬಿ ನಡೆದರೆ ಒಂದು ದೇಶ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಶ್ರೀಲಂಕಾದ 2007ರಿಂದ 2022ರವರೆಗಿನ ಹದಿನೈದು ವರ್ಷಗಳಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನಮ್ಮ ನೆರೆಹೊರೆಯಲ್ಲಿಲ್ಲ.

ಹಿಂದಿನ ಬಂಡವಾಳ

ಶ್ರೀಲಂಕಾದ ಸರ್ಕಾರಿ ವೆಚ್ಚದ ಚರಿತ್ರೆ ವೈಫಲ್ಯದ ಚರಿತ್ರೆಯಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ, 1940ರ ದಶಕದಲ್ಲಿ, ಸಿ. ಡಬ್ಲ್ಯು. ಡಬ್ಲ್ಯು. ಕನ್ನಂಗರ ಅವರು ಶಿಕ್ಷಣ ಸಚಿವರಾಗಿದ್ದಾಗ ಅಲ್ಲಿ ಉಚಿತ ಶಿಕ್ಷಣ ಜಾರಿಗೆ ಬಂತು. ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತವಾಗಿತ್ತು. ಪಡಿತರದ ಅಕ್ಕಿ ಮನೆಮನೆಗೆ ತಲುಪುತ್ತಿತ್ತು. ಅಷ್ಟೇ ತಲಾ ಆದಾಯವಿದ್ದ ಬೇರೆ ದೇಶಗಳಿಗಿಂತ ಶ್ರೀಲಂಕಾದ ಸಾಕ್ಷರತೆಯೂ ಜೀವಿತಾವಧಿಯೂ ಬಹಳ ಮುಂದಿದ್ದುದಕ್ಕೆ ಈ ವೆಚ್ಚವೇ ಕಾರಣ. ಶಾಲೆಗೆ ಹಾಕಿದ ಹಣದ ಫಲ ಕಾಣಲು ಇಪ್ಪತ್ತು ವರ್ಷ ಬೇಕು, ಉದ್ಘಾಟನೆಯ ಫಲಕದಲ್ಲಿ ಅದು ಕಾಣುವುದಿಲ್ಲ. ಆದರೂ ಆ ದೇಶ ಮಾಡಿದ ಖರ್ಚುಗಳಲ್ಲಿ ಅತ್ಯಂತ ಫಲಕೊಟ್ಟದ್ದು ಇದೇ ಎಂದು ನನ್ನ ದೃಢವಾದ ಅಭಿಪ್ರಾಯ.

1977ರಲ್ಲಿ ಅಧಿಕಾರಕ್ಕೆ ಬಂದ ಜೆ. ಆರ್. ಜಯವರ್ಧನೆ ಅವರ ಸರ್ಕಾರ, ನೀರಾವರಿ ಮತ್ತು ಜಲವಿದ್ಯುತ್ತಿನ ಮಹಾವೇಲಿ ನದಿ ಯೋಜನೆಯನ್ನು ಮೂವತ್ತು ವರ್ಷಗಳ ಬದಲು ಆರು ವರ್ಷಗಳಲ್ಲಿ ಮುಗಿಸಲು ಹೊರಟಿತು. ವಿಕ್ಟೋರಿಯಾ ಅಣೆಕಟ್ಟಿಗೆ ಬ್ರಿಟನ್, ಕೊತ್ಮಲೆಗೆ ಸ್ವೀಡನ್, ಮದುರು ಓಯಾಗೆ ಕೆನಡಾ, ರಂದೆನಿಗಲಕ್ಕೆ ಜರ್ಮನಿ ನೆರವು ನೀಡಿದವು. ಅತಿಯಾದ ವೇಗದಿಂದ ಹಣದುಬ್ಬರ ಏರಿತು, ಅಂದಾಜುಗಳು ಮೀರಿದವು, ಇವೆಲ್ಲ ನಿಜ. ಆದರೆ ಆ ಹಣದ ದೊಡ್ಡ ಭಾಗ ಅನುದಾನ ಇಲ್ಲವೇ ಅಲ್ಪ ಬಡ್ಡಿಯ ದೀರ್ಘಾವಧಿ ಸಾಲವಾಗಿತ್ತು. ನೀರೂ ವಿದ್ಯುತ್ತೂ ಬಂದು, ಗದ್ದೆಗಳು ಬೆಳೆದು ನಿಲ್ಲುವ ತನಕ ಸಾಲ ಕೊಟ್ಟವರು ಬಾಗಿಲು ತಟ್ಟುವ ಭಯವಿರಲಿಲ್ಲ.

ಆ ಅನುಕೂಲ ಮುಗಿದದ್ದು ದೇಶ ಮೇಲೇರಿದ ಕಾರಣಕ್ಕೇ. 1997ರಲ್ಲಿ ವಿಶ್ವಬ್ಯಾಂಕಿನ ವರ್ಗೀಕರಣದಲ್ಲಿ ಶ್ರೀಲಂಕಾ ಕೆಳ ಮಧ್ಯಮ ಆದಾಯದ ದೇಶವಾಯಿತು, ಮತ್ತು ರಿಯಾಯಿತಿ ಸಾಲದ ಬಾಗಿಲು ಕ್ರಮೇಣ ಕಿರಿದಾಯಿತು. 2007ರಲ್ಲಿ ಸರ್ಕಾರ ಮೊದಲ ಬಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ 50 ಕೋಟಿ ಡಾಲರಿನ ಬಾಂಡು (ಸಾಲಪತ್ರ) ಮಾರಿತು. ಬಡ್ಡಿ ಶೇ 8.25, ಅವಧಿ ಐದೇ ವರ್ಷ. ಒಂದು ಬಂದರಾಗಲಿ ರಸ್ತೆಯಾಗಲಿ ಆದಾಯ ತರಲು ಹತ್ತು ಹದಿನೈದು ವರ್ಷ ಬೇಕಾಗುವಾಗ ಐದು ವರ್ಷದ ಸಾಲ ಎಂದರೆ, ಹಳೆಯ ಸಾಲ ತೀರಿಸಲು ಹೊಸ ಸಾಲ ಎತ್ತಲೇಬೇಕು ಎಂಬ ಷರತ್ತನ್ನು ಮೊದಲೇ ಒಪ್ಪಿಕೊಂಡಂತೆ.

ಯುದ್ಧಾನಂತರದ ಕಾಮಗಾರಿಗಳು

2009ರ ಮೇ ತಿಂಗಳಲ್ಲಿ ಅಂತರ್ಯುದ್ಧ ಮುಗಿಯಿತು. ಅಧ್ಯಕ್ಷ ಮಹಿಂದ ರಾಜಪಕ್ಸ ಅವರ ಸರ್ಕಾರ ರಸ್ತೆ, ಬಂದರು, ವಿದ್ಯುತ್ ಸ್ಥಾವರಗಳಿಗೆ ಹಣ ಹರಿಸಿತು. ಆ ವರ್ಷಗಳಲ್ಲಿ ಸಾರ್ವಜನಿಕ ಬಂಡವಾಳ ಹೂಡಿಕೆ ಜಿಡಿಪಿಯ ಸುಮಾರು ಶೇ 5ರಿಂದ 6ರಷ್ಟಿತ್ತು. 2010ರಿಂದ 2012ರವರೆಗೆ ಬೆಳವಣಿಗೆ ದರ ವರ್ಷಕ್ಕೆ ಶೇ 8 ಮತ್ತು ಅದಕ್ಕಿಂತ ಹೆಚ್ಚಿತ್ತು. 2018ರ ಹೊತ್ತಿಗೆ ಅದು ಶೇ 3ರ ಆಸುಪಾಸಿಗೆ ಇಳಿದಿತ್ತು. ಆರಂಭದ ಏರಿಕೆಯಲ್ಲಿ ಯುದ್ಧ ನಿಂತ ಫಲವೂ ಸೇರಿದೆ: ಉಳುಮೆಯಿಲ್ಲದೆ ಬಿದ್ದಿದ್ದ ಉತ್ತರ ಮತ್ತು ಪೂರ್ವದ ಹೊಲಗಳು ಮತ್ತೆ ಹಸಿರಾದವು, ಮೀನುಗಾರರು ಕಡಲಿಗಿಳಿದರು, 2009ರಲ್ಲಿ ನಾಲ್ಕೂವರೆ ಲಕ್ಷದಷ್ಟಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 2018ಕ್ಕೆ 23 ಲಕ್ಷ ದಾಟಿತು. ಇದನ್ನೆಲ್ಲ ಕಾಮಗಾರಿಗಳ ಖಾತೆಗೆ ಬರೆಯಲಾಗದು.

ಮೂರು ಯೋಜನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವುದು ಇಲ್ಲಿ ಉಪಯುಕ್ತ.

ಮೊದಲನೆಯದು ದಕ್ಷಿಣ ಹೆದ್ದಾರಿ. ಕೊಲಂಬೊ ಸಮೀಪದ ಕೊಟ್ಟಾವದಿಂದ ಗಾಲೆಯವರೆಗಿನ ಭಾಗ 2011ರ ನವೆಂಬರಿನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. 2014ರಲ್ಲಿ ಮಾತರದವರೆಗೆ ಮುಂದುವರಿಯಿತು. ಹೆಚ್ಚಿನ ಹಣ ಬಂದದ್ದು ಜಪಾನ್ ಹಾಗೂ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ದೀರ್ಘಾವಧಿ ಸಾಲದಿಂದ. ಕಡಲ ಪಕ್ಕದ ಹಳೆಯ ರಸ್ತೆಯಲ್ಲಿ ಊರೂರು ಹಾದು ಸುಮಾರು ಮೂರು ಗಂಟೆ ಹಿಡಿಯುತ್ತಿದ್ದ ಗಾಲೆಯ ಪ್ರಯಾಣ ಒಂದು ಗಂಟೆಯ ಆಸುಪಾಸಿಗೆ ಇಳಿಯಿತು. ಆ ದಾರಿಯಲ್ಲಿ ಮೊದಲೇ ಜನರಿದ್ದರು, ಊರುಗಳಿದ್ದವು, ಪ್ರವಾಸಿಗರನ್ನು ಸೆಳೆಯುವ ಕೋಟೆ ಮತ್ತು ಕಡಲತೀರಗಳಿದ್ದವು; ರಸ್ತೆ ಆ ಬೇಡಿಕೆಯ ಹಿಂದೆ ಬಂತು.

ಎರಡನೆಯದು ಪುತ್ತಳಂ ಜಿಲ್ಲೆಯ ನೊರೊಚ್ಚೋಲೈನಲ್ಲಿರುವ 900 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಇದರ ಸಾಲ ಕೊಟ್ಟದ್ದೂ ಚೀನಾದ ಎಕ್ಸಿಮ್ ಬ್ಯಾಂಕೇ. ಆರಂಭದ ವರ್ಷಗಳಲ್ಲಿ ಅದು ಪದೇಪದೇ ಕೆಟ್ಟು ನಿಂತು ಹೆಸರು ಕೆಡಿಸಿಕೊಂಡಿತು. ಆದರೂ ಮೂರು ಘಟಕಗಳೂ ಓಡತೊಡಗಿದ ಮೇಲೆ ದೇಶದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲನ್ನು ಅದೊಂದೇ ಕೊಡುತ್ತಿದೆ. ಅದಿಲ್ಲದಿದ್ದರೆ ಆ ವಿದ್ಯುತ್ತಿಗೆ ಇನ್ನೂ ದುಬಾರಿಯಾದ ಡೀಸೆಲ್ ಮತ್ತು ಉರುವಲು ತೈಲವನ್ನು ಡಾಲರ್ ಕೊಟ್ಟು ತರಬೇಕಿತ್ತು. ಹೊಗೆ ಮತ್ತು ಬೂದಿಯಿಂದ ಸುತ್ತಲಿನ ಜನರಿಗೆ ಆಗುವ ತೊಂದರೆ ಬೇರೆ ಚರ್ಚೆಯ ವಿಷಯ, ಅದು ಸಣ್ಣದೇನಲ್ಲ; ವಿದೇಶಿ ವಿನಿಮಯದ ಲೆಕ್ಕದಲ್ಲಿ ಮಾತ್ರ ಈ ಯೋಜನೆ ಸಾಲಕ್ಕೆ ತಕ್ಕ ಕೆಲಸ ಮಾಡಿತು.

ಮೂರನೆಯದು ಹಂಬನ್‌ತೋಟ ಬಂದರು. 2008ರಲ್ಲಿ ಕೆಲಸ ಆರಂಭವಾಗಿ 2010ರ ನವೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಗೊಂಡಿತು. ಮೊದಲ ಹಂತಕ್ಕೆ ಅದೇ ಎಕ್ಸಿಮ್ ಬ್ಯಾಂಕ್ ಕೊಟ್ಟ ಸಾಲ 30.7 ಕೋಟಿ ಡಾಲರ್. ಬಡ್ಡಿ ಶೇ 6.3. ಪೂರ್ವ–ಪಶ್ಚಿಮದ ಹಡಗು ಮಾರ್ಗ ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಹಾದುಹೋಗುತ್ತದೆ ಎಂಬುದು ಯೋಜನೆಯ ಸಮರ್ಥನೆಯಾಗಿತ್ತು. ಆದರೆ ಹಡಗುಗಳಿಗೆ ಕೊಲಂಬೊ ಬಂದರು ಇದ್ದೇ ಇತ್ತು, ಅದನ್ನೂ ಅದೇ ಕಾಲದಲ್ಲಿ ವಿಸ್ತರಿಸಲಾಗುತ್ತಿತ್ತು. 2012ರಲ್ಲಿ ಹಂಬನ್‌ತೋಟಕ್ಕೆ ಬಂದ ಹಡಗುಗಳು 34; ಕೊಲಂಬೊಗೆ ಮೂರೂವರೆ ಸಾವಿರಕ್ಕೂ ಹೆಚ್ಚು. ನಷ್ಟದಲ್ಲಿದ್ದ ಬಂದರನ್ನು 2017ರಲ್ಲಿ ಚೀನಾದ ಕಂಪನಿಯೊಂದಕ್ಕೆ 99 ವರ್ಷಗಳ ಗುತ್ತಿಗೆಗೆ ಕೊಟ್ಟು 112 ಕೋಟಿ ಡಾಲರ್ ಪಡೆಯಲಾಯಿತು. ಆ ಹಣ ವಿದೇಶಿ ವಿನಿಮಯ ಸಂಗ್ರಹಕ್ಕೆ ಸೇರಿತು. ಬಂದರಿನ ಸಾಲ ಸರ್ಕಾರದ ತಲೆಯ ಮೇಲೇ ಉಳಿಯಿತು. ಸಾಲಕ್ಕೆ ಬದಲಾಗಿ ಬಂದರನ್ನೇ ಚೀನಾ ಕಿತ್ತುಕೊಂಡಿತು ಎಂದು ನಮ್ಮಲ್ಲಿ ವ್ಯಾಪಕವಾಗಿ ಹೇಳಲಾಗುವ ಮಾತು ಈ ಕಾರಣಕ್ಕೆ ಸರಿಯಲ್ಲ.

ನೊರೊಚ್ಚೋಲೈಗೂ ಹಂಬನ್‌ತೋಟಕ್ಕೂ ಸಾಲ ಕೊಟ್ಟದ್ದು ಒಂದೇ ಬ್ಯಾಂಕು, ಖರ್ಚು ಮಾಡಿದ್ದು ಒಂದೇ ಸರ್ಕಾರ, ಕಾಲವೂ ಒಂದೇ. ಒಂದು ಕಡೆ ವಿದ್ಯುತ್ತಿಗೆ ಜನ ಕಾದಿದ್ದರು. ಇನ್ನೊಂದು ಕಡೆ ಬಂದರು ಹಡಗುಗಳಿಗಾಗಿ ಕಾಯಬೇಕಾಯಿತು. ನಮ್ಮ ಬಯಲುಸೀಮೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನೀರಿನ ಸೆಲೆ ಇರುವಲ್ಲಿ ಸಾಲ ಮಾಡಿ ಕೊರೆಸಿದ ಕೊಳವೆಬಾವಿಗೂ ಸೆಲೆ ನೋಡದೆ ಕೊರೆಸಿದ ಕೊಳವೆಬಾವಿಗೂ ಬಡ್ಡಿ ಒಂದೇ. ಕೊರೆಯುವ ದಿನ ಎರಡೂ ಹೊಲಗಳಲ್ಲಿ ಕಾಣುವ ಸಡಗರವೂ ಒಂದೇ.

ಕಟ್ಟುವ ಕಾಲದ ಬೆಳವಣಿಗೆಯೂ ಪೂರ್ತಿಯಾಗಿ ದೇಶದೊಳಗೆ ನಿಲ್ಲಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ದೊಡ್ಡ ಕಾಮಗಾರಿಗಳ ಗುತ್ತಿಗೆದಾರರು, ಯಂತ್ರಗಳು, ಉಕ್ಕು, ನುರಿತ ಕೆಲಸಗಾರರಲ್ಲಿ ಹೆಚ್ಚಿನ ಭಾಗ ಹೊರಗಿನಿಂದ ಬಂದಾಗ, ಸರ್ಕಾರ ಸುರಿದ ಹಣ ಊರಿನ ಅಂಗಡಿ, ಕಾರ್ಖಾನೆಗಳನ್ನು ಸುತ್ತಿ ಬರುವ ಮೊದಲೇ ಆಮದಿನ ರೂಪದಲ್ಲಿ ಹೊರಕ್ಕೆ ಸೋರುತ್ತದೆ. ಸಣ್ಣ ದೇಶಗಳಲ್ಲಿ ಈ ಸೋರಿಕೆ ಸಹಜವಾಗಿಯೇ ಹೆಚ್ಚು. ಹಾಗೆ ಹೋದ ಡಾಲರನ್ನು ಮರಳಿ ತರಬೇಕಾದುದು ರಫ್ತು. ಶ್ರೀಲಂಕಾದ ಸರಕು ಮತ್ತು ಸೇವೆಗಳ ರಫ್ತು 2000ದಲ್ಲಿ ಜಿಡಿಪಿಯ ಮೂರನೇ ಒಂದು ಪಾಲಿಗಿಂತ ಹೆಚ್ಚಿತ್ತು. 2010ರ ದಶಕದಲ್ಲಿ ಐದನೇ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಸಾಲ ಡಾಲರಿನಲ್ಲಿ ಬೆಳೆಯಿತು, ದುಡಿಮೆ ರೂಪಾಯಿಯಲ್ಲಿ ಉಳಿಯಿತು.

ತೆರಿಗೆ ಎಂಬ ಮರೆತ ಅರ್ಧ

ಸರ್ಕಾರಿ ವೆಚ್ಚದ ಕುರಿತ ಚರ್ಚೆ ಸಾಮಾನ್ಯವಾಗಿ ಬಂದರು, ವಿಮಾನ ನಿಲ್ದಾಣಗಳ ಸುತ್ತ ಸುತ್ತಿ ನಿಂತುಬಿಡುತ್ತದೆ. ನನ್ನ ಮಟ್ಟಿಗೆ ಶ್ರೀಲಂಕಾದ ಪ್ರಕರಣದ ತಿರುಳು ಆದಾಯದ ಪುಟದಲ್ಲಿದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರದ ಆದಾಯ ಜಿಡಿಪಿಯ ಸುಮಾರು ಶೇ 20ರಷ್ಟಿತ್ತು. 2014ರ ಹೊತ್ತಿಗೆ ಅದು ಶೇ 11–12ಕ್ಕೆ ಬಂದಿತ್ತು. ಅಂದರೆ ದೇಶ ಬೆಳೆದಂತೆಲ್ಲ ಸರ್ಕಾರದ ಪಾಲು ಕುಗ್ಗುತ್ತಾ ಹೋಯಿತು. ಹೂಡಿಕೆ ಸೆಳೆಯುವ ಹೆಸರಿನಲ್ಲಿ ಕೊಟ್ಟ ದೀರ್ಘಾವಧಿಯ ತೆರಿಗೆ ವಿನಾಯಿತಿಗಳು, ನೇರ ತೆರಿಗೆಯ ಕಿರಿದಾದ ವ್ಯಾಪ್ತಿ, ದುರ್ಬಲ ವಸೂಲಿ ಇದಕ್ಕೆ ಕಾರಣ. ಎರಡನೆಯ ಬಗೆಯ ಬೆಳವಣಿಗೆ ಅಲ್ಪಸ್ವಲ್ಪ ಬಂದಾಗಲೂ ಅದು ಖಜಾನೆಗೆ ತಲುಪುವ ಕಾಲುವೆ ಹೂಳು ತುಂಬಿ ನಿಂತಿತ್ತು.

ಕಾನೂನಿನ ಕೊರತೆಯಿರಲಿಲ್ಲ. ಕರ್ನಾಟಕ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ಮರುವರ್ಷವೇ ಶ್ರೀಲಂಕಾ ಕೂಡ ಅಂತಹುದೇ ಕಾಯ್ದೆ ತಂದಿತ್ತು. 2006ರೊಳಗೆ ಬಜೆಟ್ ಕೊರತೆಯನ್ನು ಜಿಡಿಪಿಯ ಶೇ 5ಕ್ಕೆ ಇಳಿಸಬೇಕೆಂದು ಅದರಲ್ಲಿತ್ತು. ಗುರಿ ತಪ್ಪಿದಾಗ ಕಾಯ್ದೆಗೆ ತಿದ್ದುಪಡಿ ತಂದು ಗಡುವನ್ನು ಮುಂದೂಡಲಾಯಿತು.

2016ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದೊಂದಿಗೆ ಸರಿಪಡಿಸುವ ಪ್ರಯತ್ನ ನಡೆಯಿತು. ವ್ಯಾಟ್ (ಮಾರಾಟದ ಮೇಲಿನ ಮೌಲ್ಯವರ್ಧಿತ ತೆರಿಗೆ) ಶೇ 11ರಿಂದ 15ಕ್ಕೆ ಏರಿತು, 2017ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಬಂತು. 2017 ಮತ್ತು 2018ರಲ್ಲಿ, ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಸರ್ಕಾರದ ಆದಾಯ ಅದರ ವೆಚ್ಚಕ್ಕಿಂತ ಅಲ್ಪ ಹೆಚ್ಚಿತ್ತು. ದಶಕಗಳಲ್ಲಿ ಅಪರೂಪವಾಗಿ ಕಂಡ ಈ ಸ್ಥಿತಿ ಹೆಚ್ಚು ಕಾಲ ಬಾಳಲಿಲ್ಲ. 2019ರ ಏಪ್ರಿಲ್ 21ರ ಈಸ್ಟರ್ ದಿನದ ಬಾಂಬ್ ದಾಳಿಗಳು ಪ್ರವಾಸೋದ್ಯಮವನ್ನು ನಡುಗಿಸಿದವು. ನವೆಂಬರಿನಲ್ಲಿ ಗೊಟಬಯ ರಾಜಪಕ್ಸ ಅಧ್ಯಕ್ಷರಾದರು. ಕೆಲವೇ ದಿನಗಳಲ್ಲಿ ವ್ಯಾಟ್ ಶೇ 15ರಿಂದ 8ಕ್ಕೆ ಇಳಿಯಿತು. ವ್ಯಾಟ್ ನೋಂದಣಿಗೆ ಇದ್ದ ವಾರ್ಷಿಕ ವಹಿವಾಟಿನ ಮಿತಿಯನ್ನು 1.2 ಕೋಟಿ ಶ್ರೀಲಂಕಾ ರೂಪಾಯಿಯಿಂದ 30 ಕೋಟಿಗೆ ಏರಿಸಲಾಯಿತು. ಸಂಬಳದಲ್ಲಿಯೇ ತೆರಿಗೆ ಕಡಿಯುವ ಪದ್ಧತಿಯನ್ನೂ ಇನ್ನೂ ಕೆಲವು ತೆರಿಗೆಗಳನ್ನೂ ರದ್ದುಮಾಡಲಾಯಿತು. ವ್ಯಾಟ್‌ಗೆ ನೋಂದಾಯಿಸಿಕೊಂಡಿದ್ದವರ ಸಂಖ್ಯೆ ಒಂದೇ ವರ್ಷದಲ್ಲಿ 28 ಸಾವಿರದ ಆಸುಪಾಸಿನಿಂದ 8 ಸಾವಿರದ ಆಸುಪಾಸಿಗೆ ಕುಸಿಯಿತು.

ತೆರಿಗೆ ಇಳಿಸಿದರೆ ಜನ ಹೆಚ್ಚು ಕೊಳ್ಳುತ್ತಾರೆ, ಉದ್ಯಮಗಳು ಹೂಡುತ್ತವೆ, ಬೆಳವಣಿಗೆಯಿಂದ ಆದಾಯ ತಾನೇ ಮರಳುತ್ತದೆ ಎಂಬುದು ಆ ನಿರ್ಧಾರದ ಹಿಂದಿನ ನಂಬಿಕೆ. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು ಈ ನಂಬಿಕೆಯನ್ನು ಪರೀಕ್ಷಿಸಲು ಅವಕಾಶವನ್ನೇ ಕೊಡಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಕೋವಿಡ್ ಬಾರದಿದ್ದರೂ ಫಲ ಬೇರೆಯಾಗುತ್ತಿರಲಿಲ್ಲ ಎಂಬುದೇ ನನ್ನ ಅಭಿಪ್ರಾಯ. ಏಕೆಂದರೆ ಮೊದಲೇ ಸಾಲದಲ್ಲಿ ಮುಳುಗಿದ್ದ ದೇಶವೊಂದು ವ್ಯಾಟನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ ಸಾಲ ಕೊಡುವವರು ನೋಡುವುದು ಹತ್ತು ವರ್ಷದ ನಂತರದ ಬೆಳವಣಿಗೆಯನ್ನಲ್ಲ, ಮುಂದಿನ ಕಂತನ್ನು. 2020ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಶ್ರೀಲಂಕಾದ ಸಾಲದ ದರ್ಜೆಯನ್ನು, ಅಂದರೆ ಸಾಲ ತೀರಿಸುವ ಶಕ್ತಿಯ ಅಂದಾಜನ್ನು, ಇಳಿಸಿದವು. ಹೊಸ ಬಾಂಡು ಮಾರುವ ದಾರಿ ಮುಚ್ಚಿತು. 2020 ಮತ್ತು 2021ರಲ್ಲಿ ಸರ್ಕಾರದ ಆದಾಯದ ಶೇ 70ಕ್ಕೂ ಹೆಚ್ಚು ಭಾಗ ಬಡ್ಡಿಗೇ ಹೋಯಿತು. ಅದೇ ವೇಳೆಗೆ ಸಾವಿರಾರು ನಿರುದ್ಯೋಗಿ ಪದವೀಧರರನ್ನು ಸರ್ಕಾರಿ ಸೇವೆಗೆ ಸೇರಿಸಿಕೊಳ್ಳಲಾಗಿತ್ತು. ಬಡ್ಡಿ ಮತ್ತು ಸಂಬಳ ಎರಡೇ ಸೇರಿ ಇಡೀ ಆದಾಯವನ್ನು ಮೀರಿದವು. ಶಾಲೆ, ಆಸ್ಪತ್ರೆ, ಕಾಲುವೆಗಳಿಗೆ ಬೇಕಾದ ಪ್ರತಿ ರೂಪಾಯಿಯೂ ಸಾಲದ್ದು ಇಲ್ಲವೇ ಕೇಂದ್ರ ಬ್ಯಾಂಕ್ ಮುದ್ರಿಸಿದ್ದು.

2022

2019ರ ಕೊನೆಯಲ್ಲಿ 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಸಂಗ್ರಹ ಕರಗುತ್ತಾ ಬಂತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿದ್ದಕ್ಕೆ ಸಾವಯವ ಕೃಷಿಯ ಕಾರಣ ಕೊಡಲಾಯಿತಾದರೂ ಡಾಲರ್ ಉಳಿಸುವ ಒತ್ತಡವೂ ಅದರ ಹಿಂದಿತ್ತು. ನವೆಂಬರಿನಲ್ಲಿ ನಿಷೇಧ ಹಿಂತೆಗೆಯುವ ಹೊತ್ತಿಗೆ ಭತ್ತ ಮತ್ತು ಚಹಾ ಬೆಳೆಗೆ ಪೆಟ್ಟು ಬಿದ್ದಾಗಿತ್ತು. ಇಷ್ಟಾದರೂ 2022ರ ಜನವರಿ 18ರಂದು 50 ಕೋಟಿ ಡಾಲರಿನ ಬಾಂಡಿನ ಸಾಲವನ್ನು ಪೂರ್ತಿ ತೀರಿಸಲಾಯಿತು. ಆ ಹಣ ಅಂದು ಉಳಿದಿದ್ದರೆ ಮುಂದಿನ ತಿಂಗಳುಗಳ ಔಷಧಿಗೂ ಇಂಧನಕ್ಕೂ ಆಗುತ್ತಿತ್ತು. ಇಡೀ ಪ್ರಕರಣದಲ್ಲಿ ನನ್ನನ್ನು ಅತಿಯಾಗಿ ಕಾಡುವ ನಿರ್ಧಾರ ಇದು.

ಮಾರ್ಚ್ ತಿಂಗಳಲ್ಲಿ ಕಾಗದ ಮತ್ತು ಶಾಯಿ ಸಿಗದೆ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆಗಳನ್ನು ಮುಂದೂಡಲಾಯಿತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿದ ದೇಶದಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಹಾಳೆಯಿರಲಿಲ್ಲ. ತಿಂಗಳ ಕೊನೆಗೆ ದಿನಕ್ಕೆ 13 ಗಂಟೆ ವಿದ್ಯುತ್ ಕಡಿತ. ಪೆಟ್ರೋಲು, ಸೀಮೆಎಣ್ಣೆ, ಅಡುಗೆ ಅನಿಲಕ್ಕಾಗಿ ಜನ ಹಗಲು ರಾತ್ರಿ ಸಾಲಿನಲ್ಲಿ ನಿಂತರು, ಹಾಗೆ ನಿಂತಲ್ಲೇ ಕುಸಿದು ಸತ್ತವರೂ ಇದ್ದಾರೆ. ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸುವುದಾಗಿ ಸರ್ಕಾರ ಘೋಷಿಸಿತು. ಡಾಲರಿಗೆ 200ರ ಆಸುಪಾಸಿನಲ್ಲಿದ್ದ ರೂಪಾಯಿ ಎರಡೇ ತಿಂಗಳಲ್ಲಿ 360ಕ್ಕೆ ಇಳಿಯಿತು. ಸೆಪ್ಟೆಂಬರಿನಲ್ಲಿ ಕೊಲಂಬೊ ಹಣದುಬ್ಬರ ಶೇ 69.8 ಮುಟ್ಟಿತು. ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟು ಹೋದರು. ಆ ವರ್ಷ ಆರ್ಥಿಕತೆ ಶೇ 7ಕ್ಕಿಂತ ಹೆಚ್ಚು ಕುಗ್ಗಿತು, ಮತ್ತು ವಿಶ್ವಬ್ಯಾಂಕಿನ ಅಂದಾಜಿನಂತೆ ಬಡವರ ಪ್ರಮಾಣ ಜನಸಂಖ್ಯೆಯ ಶೇ 25ಕ್ಕೆ, ಅಂದರೆ ಹಿಂದಿನ ವರ್ಷದ ಸುಮಾರು ಎರಡರಷ್ಟಕ್ಕೆ ಏರಿತು. ಭಾರತ ಸುಮಾರು 400 ಕೋಟಿ ಡಾಲರಿನ ನೆರವು ನೀಡಿದ್ದರಿಂದ ಇಂಧನ, ಆಹಾರ, ಔಷಧಿಗಳು ಪೂರ್ತಿ ನಿಲ್ಲದೆ ಬಂದವು.

ವೆಚ್ಚ ಕಡಿದ ನಂತರ

2023ರ ಮಾರ್ಚ್‌ನಲ್ಲಿ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರಿನ ಕಾರ್ಯಕ್ರಮಕ್ಕೆ ಒಪ್ಪಿತು. ವ್ಯಾಟ್ 2022ರಲ್ಲೇ ಮತ್ತೆ ಶೇ 15ಕ್ಕೆ ಏರಿತ್ತು, 2024ರ ಜನವರಿಯಿಂದ ಶೇ 18ಕ್ಕೆ ಏರಿತು. ವರ್ಷಗಟ್ಟಲೆ ನಷ್ಟದಲ್ಲಿ ಮಾರುತ್ತಿದ್ದ ವಿದ್ಯುತ್ತಿನ ದರ 2022ರ ಆಗಸ್ಟ್‌ನಲ್ಲಿ ಸರಾಸರಿ ಶೇ 75, ಮರುವರ್ಷದ ಫೆಬ್ರವರಿಯಲ್ಲಿ ಮತ್ತೆ ಶೇ 66 ಹೆಚ್ಚಾಯಿತು. 2023ರಲ್ಲೂ ಆರ್ಥಿಕತೆ ಶೇ 2.3ರಷ್ಟು ಕುಗ್ಗಿ, 2024ರಲ್ಲಿ ಶೇ 5ರಷ್ಟು ಬೆಳೆಯಿತು.

ವೆಚ್ಚ ಕಡಿದಾಗಲೇ ಬೆಳವಣಿಗೆ ಮರಳಿತಲ್ಲ, ಹಾಗಾದರೆ ಸರ್ಕಾರಿ ವೆಚ್ಚವೇ ತೊಡಕು ಎಂದು ಈ ಅಂಕಿಗಳಿಂದ ತೀರ್ಮಾನಿಸುವವರಿದ್ದಾರೆ. ಅದನ್ನು ಒಪ್ಪಲಾಗದು. ಆಳಕ್ಕೆ ಬಿದ್ದ ಆರ್ಥಿಕತೆ ಇಂಧನ ಸಿಕ್ಕಿದೊಡನೆ, ಪ್ರವಾಸಿಗರು ಬಂದೊಡನೆ ಒಂದಿಷ್ಟು ಮೇಲೇಳುತ್ತದೆ. ಶೇ 7 ಮತ್ತು ಶೇ 2 ಕಳೆದುಕೊಂಡು ಶೇ 5 ಗಳಿಸಿದರೆ ಮೊದಲಿದ್ದ ಜಾಗಕ್ಕೆ ತಲುಪಿದಂತೆಯೂ ಆಗುವುದಿಲ್ಲ. ಸಂಬಳ, ಪಿಂಚಣಿ, ಬಡ್ಡಿಗಳನ್ನು ಕಡಿಯುವುದು ಕಷ್ಟವಾದ್ದರಿಂದ ಕತ್ತರಿ ಮೊದಲು ಬಿದ್ದದ್ದು ಬಂಡವಾಳ ವೆಚ್ಚಕ್ಕೆ, ಅಂದರೆ ಕಾಮಗಾರಿಗಳ ಹಣಕ್ಕೆ. ಕೆಟ್ಟ ಯೋಜನೆಗಳು ಅಷ್ಟರಲ್ಲಿ ಕಟ್ಟಿ ಮುಗಿದಿದ್ದವು, ಆದ್ದರಿಂದ ನಿಂತದ್ದು ಬೇಕಾದ ಯೋಜನೆಗಳು.

ಕೊಲಂಬೊ ಹೊರವಲಯದ ಕಟುನಾಯಕದಲ್ಲಿರುವ ಬಂಡಾರನಾಯಕೆ ವಿಮಾನ ನಿಲ್ದಾಣವನ್ನೇ ನೋಡಬಹುದು. ವರ್ಷಕ್ಕೆ 60 ಲಕ್ಷ ಪ್ರಯಾಣಿಕರಿಗೆಂದು ಕಟ್ಟಿದ ಅದರಲ್ಲಿ 2018ರಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಂದುಹೋದರು. ಅಲ್ಲಿ ಎರಡನೆಯ ಟರ್ಮಿನಲ್ ಕಟ್ಟುವ ಕೆಲಸ ಜಪಾನಿನ ಸಾಲದಿಂದ ಆರಂಭವಾಗಿತ್ತು. ಸಾಲ ಮರುಪಾವತಿ ನಿಂತ 2022ರಲ್ಲಿ ಆ ಹಣವೂ ನಿಂತು, ಕೆಲಸ ಅರ್ಧಕ್ಕೇ ಉಳಿಯಿತು. ಸಾಲ ನೀಡಿದ ದೇಶಗಳೊಂದಿಗೆ ಸಾಲದ ಷರತ್ತುಗಳ ಮರುಹೊಂದಾಣಿಕೆಯ ಒಪ್ಪಂದವಾದ ಬಳಿಕ, 2024ರ ಜುಲೈನಲ್ಲಿ, ಇದೂ ಸೇರಿದಂತೆ 11 ಯೋಜನೆಗಳಿಗೆ ಸಾಲ ಮುಂದುವರಿಸುವುದಾಗಿ ಜಪಾನ್ ತಿಳಿಸಿತು. ಆ ಎರಡು ವರ್ಷಗಳ ಉದ್ದಕ್ಕೂ ಕಟುನಾಯಕದಲ್ಲಿ ಪ್ರಯಾಣಿಕರು ಹಳೆಯ ಟರ್ಮಿನಲ್‌ನಲ್ಲೇ ಸಾಲುಗಟ್ಟಿ ನಿಂತರು, ಮತ್ತಲದ ಸಾಲದ ಹೊರೆ ಅದೇ ದೇಶದ ಲೆಕ್ಕಪುಸ್ತಕದಲ್ಲಿ ಹಾಗೇ ಉಳಿದಿತ್ತು.